ಕಾರಿನ ಎ.ಸಿ. ಯಂತ್ರವೂ ಒಕ್ಕಣೆಯ ಹೊಟ್ಟೂ



ಬೇಸಾಯದ ಪತ್ರಿಕೆಯಲ್ಲಿ ಕಾರಿನ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಭಾಗದಲ್ಲಿ ಹೊಲದ ಜೊತೆಗೆ ಒಂದು ಬಾಡಿಗೆ ಕಾರನ್ನೂ ನಂಬಿಕೊಂಡಿರುವ ಮನೆಗಳು ಈಗ ಅಪರೂಪವಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದವರನ್ನು ಹಳೇಬೀಡಿಗೂ ಬೇಲೂರಿಗೂ ಕರೆದೊಯ್ಯುವವರಲ್ಲಿ ರೈತರ ಮಕ್ಕಳೂ ಇದ್ದಾರೆ. ೨೦೨೩ರಲ್ಲಿ ಈ ಎರಡು ಊರುಗಳ ಗುಡಿಗಳು, ಸೋಮನಾಥಪುರದ ಗುಡಿಯೊಡನೆ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದಿಂದ ಬಂದವರು ಕಾರು ಗೊತ್ತುಮಾಡುವಾಗ "ಎ.ಸಿ. ಇದೆಯೇ?" ಎಂದು ಕೇಳುತ್ತಾರೆ. ಅದು ಕೆಟ್ಟರೆ ಬಾಡಿಗೆಯೂ ಕೆಟ್ಟಿತು. ಸುಗ್ಗಿಯ ಕಾಲದಲ್ಲಿ ಅದನ್ನು ಕೆಡಿಸುವ ವಸ್ತುಗಳಲ್ಲಿ ಒಂದು, ರಸ್ತೆಯ ಮೇಲೆ ನಾವೇ ಹರಡಿದ ರಾಗಿ, ಹುರುಳಿಗಳ ಹೊಟ್ಟು. ಇದು ಹೇಗೆಂದು ತಿಳಿಯಬೇಕಾದರೆ ಮೊದಲು ಆ ಯಂತ್ರದ ಕೆಲಸವನ್ನು ಅರಿಯಬೇಕು.

ಅನ್ನ ಬೇಯುವಾಗ ಪಾತ್ರೆಯ ಮುಚ್ಚಳವನ್ನೆತ್ತಿ ನೋಡಿರಿ. ಒಳಮೈಯಲ್ಲಿ ನೀರು ಹನಿಗಟ್ಟಿರುತ್ತದೆ. ಆವಿಯು ಮುಚ್ಚಳಕ್ಕೆ ತಗುಲಿ, ತನ್ನಲ್ಲಿದ್ದ ಶಾಖವನ್ನು ಅದಕ್ಕೆ ಕೊಟ್ಟು ಮರಳಿ ನೀರಾಯಿತು. ಆ ಶಾಖ ಅಲ್ಪಸ್ವಲ್ಪವಲ್ಲ. ಒಂದು ಕಿಲೋ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ೧೦೦ ಕಿಲೋಕ್ಯಾಲೊರಿ ಸಾಕು. ಆ ಕುದಿನೀರನ್ನೆಲ್ಲ ಆವಿ ಮಾಡಲು ಮತ್ತೆ ೫೪೦ ಬೇಕು. ಆವಿ ನೀರಾಗುವಾಗ ಈ ೫೪೦ನ್ನೂ ಹೊರಕ್ಕೆ ಬಿಡುತ್ತದೆ. ಕುದಿನೀರಿಗಿಂತ ಆವಿ ಕೈಯನ್ನು ಹೆಚ್ಚು ಸುಡುವುದು ಇದರಿಂದಲೇ.

ಕಾರಿನ ಎ.ಸಿ.ಯಲ್ಲಿ ನೀರಿನ ಬದಲು ಬಹು ಬೇಗ ಕುದಿಯುವ ದ್ರವವೊಂದಿದೆ. ಮೆಕ್ಯಾನಿಕ್ಕರು ಇದನ್ನು ಗ್ಯಾಸು ಎಂದಷ್ಟೇ ಕರೆಯುತ್ತಾರೆ. ಬಹಳ ಕಾರುಗಳಲ್ಲಿರುವುದು ಆರ್-೧೩೪ಎ ಎಂಬ ಜಾತಿಯದು. ಬಯಲಿನಲ್ಲಿಟ್ಟರೆ ಇದು ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿದುಹೋಗುತ್ತದೆ. ಕಾರಿನ ಒಳಗೆ ಗಾಳಿ ಬೀಸುವ ಪೆಟ್ಟಿಗೆಯಲ್ಲಿ ಇದು ಆವಿಯಾಗುತ್ತದೆ; ಅದಕ್ಕೆ ಬೇಕಾದ ಶಾಖವನ್ನು ಒಳಗಿನ ಗಾಳಿಯಿಂದಲೇ ಎಳೆದುಕೊಳ್ಳುವುದರಿಂದ ಕುಳಿತವರಿಗೆ ತಂಪಾಗುತ್ತದೆ. ಈ ಆವಿಯನ್ನು ಇಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರ್ ಹೀರಿ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ತಾವು ಕಂಡಿದ್ದೀರಿ. ಹಾಗೆಯೇ ಈ ಆವಿಯೂ ಬಿಸಿಯೇರಿ ಕಂಡೆನ್ಸರ್ ಎಂಬ ಭಾಗಕ್ಕೆ ಬರುತ್ತದೆ.

ಕಂಡೆನ್ಸರ್ ಇರುವುದು ಕಾರಿನ ಮುಂಭಾಗದ ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ. ಅಲ್ಯೂಮಿನಿಯಂನ ಚಪ್ಪಟೆ ಕೊಳವೆಗಳು, ಅವುಗಳ ನಡುವೆ ಕಾಗದದಂತೆ ತೆಳುವಾದ ಮಡಿಕೆ ತಗಡುಗಳು. ಅನ್ನದ ಪಾತ್ರೆಯ ಮುಚ್ಚಳ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ತಗಡುಗಳ ಸಂದಿನಲ್ಲಿ ಹಾಯುವ ಗಾಳಿಗೆ ಶಾಖವನ್ನು ಕೊಟ್ಟು, ಆವಿ ದ್ರವವಾಗುತ್ತದೆ. ಬಳಿಕ ಸಣ್ಣ ಕಿಂಡಿಯೊಂದನ್ನು ಹಾಯ್ದು, ಒತ್ತಡ ಕಳೆದುಕೊಂಡು, ತಣ್ಣಗಾಗಿ ಮತ್ತೆ ಕಾರಿನ ಒಳಪೆಟ್ಟಿಗೆಗೆ ಹೋಗುತ್ತದೆ.

ಎಲ್ಲವೂ ನಿಂತಿರುವುದು ಆ ಗಾಳಿಯ ಮೇಲೆ. ಗಾಳಿ ಚೆನ್ನಾಗಿ ಹಾಯ್ದು ಗ್ಯಾಸು ೫೦ ಡಿಗ್ರಿಯಲ್ಲಿ ದ್ರವವಾದರೆ, ಒಳಗಿನ ಒತ್ತಡ ನಮ್ಮ ಸುತ್ತಣ ಗಾಳಿಯ ಒತ್ತಡಕ್ಕಿಂತ ಸುಮಾರು ೧೩ ಪಟ್ಟು ಇರುತ್ತದೆ. ಗಾಳಿ ಕಟ್ಟಿ ಶಾಖ ೭೦ ಡಿಗ್ರಿಗೆ ಏರಿದರೆ ಒತ್ತಡ ೨೧ ಪಟ್ಟಾಗುತ್ತದೆ. ಕಂಪ್ರೆಸರಿಗೆ ಹೊರೆ ಹೆಚ್ಚುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ, ತಂಪು ಮಾತ್ರ ಕಡಿಮೆಯಾಗುತ್ತದೆ. ಒತ್ತಡ ಮಿತಿ ಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವ ಒಂದು ಸ್ವಿಚ್ಚು ಇರುತ್ತದೆ. ಆಗ ಬರುವುದು ಬರಿಯ ಬಿಸಿಗಾಳಿ. ಹಿಂದಿರುವ ರೇಡಿಯೇಟರಿಗೂ ಗಾಳಿ ಸಾಲದೆ ಇಂಜಿನ್ನೂ ಕಾಯುತ್ತದೆ.

ರಾಗಿಯ ಸುಂಕು ಎಷ್ಟು ಹಗುರವೆಂಬುದನ್ನು ತೂರಿದವರಿಗೆ ಹೇಳಬೇಕಾಗಿಲ್ಲ. ಟಾರು ರಸ್ತೆಯ ಮೇಲೆ ಹರಡಿದ ತೆನೆಯನ್ನು ಕಾರು ತುಳಿದು ಹೋಗುವಾಗ ಈ ಸುಂಕು ಮೇಲೆದ್ದು ನೇರವಾಗಿ ಜಾಲರಿಯೊಳಕ್ಕೆ ಹೋಗುತ್ತದೆ. ಅರಸೀಕೆರೆ ಕಡೆಯ ಕೆಂಧೂಳು ಅದರ ಮೇಲೆ ಕೂರುತ್ತದೆ. ಮಳೆ ಬಿದ್ದರೆ ಎರಡೂ ಸೇರಿ ಗೋಡೆಗೆ ಮೆತ್ತಿದ ಮಣ್ಣಿನಂತೆ ಅಂಟಿಕೊಳ್ಳುತ್ತವೆ. ಹುರುಳಿಯದು ಇನ್ನೂ ಅಪಾಯ. ಅದರ ಬಳ್ಳಿ ಕಾರಿನ ತಳದಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತಿದ್ದುಂಟು. ಕಣ ಮಾಡಿ ಸಾರಿಸುವ ಕಷ್ಟ, ಆಳಿನ ಅಭಾವ ಎರಡೂ ನನಗೆ ಗೊತ್ತು. ಆದರೂ ರಸ್ತೆಯನ್ನು ಕಣವೆಂದು ತಿಳಿಯುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ನಾಲ್ಕು ಮನೆಯವರು ಸೇರಿ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತಂದರೆ ಕಾಳಿನಲ್ಲಿ ಕಲ್ಲು ಮಣ್ಣೂ ಬೆರೆಯುವುದಿಲ್ಲ.

ಕಂಡೆನ್ಸರ್ ಕಟ್ಟಿದೆಯೆಂದು ಗುರುತಿಸುವುದು ಸುಲಭ. ಬೇಲೂರಿಗೂ ಹಳೇಬೀಡಿಗೂ ನಡುವಣ ೧೬ ಕಿಲೋಮೀಟರ್ ಓಡುವಾಗ ತಂಪು ಬಂದು, ಗುಡಿಯ ಮುಂದೆ ಇಂಜಿನ್ ಓಡುತ್ತಿರುವಂತೆಯೇ ಕಾರು ನಿಲ್ಲಿಸಿದಾಗ ಬಿಸಿಗಾಳಿ ಬಂದರೆ, ಮೊದಲು ಕಂಡೆನ್ಸರನ್ನೂ ಅದರ ಫ್ಯಾನನ್ನೂ ನೋಡತಕ್ಕದ್ದು. ಓಡುವಾಗ ಎದುರುಗಾಳಿ ಹಾಯುತ್ತದೆ. ನಿಂತಾಗ ಫ್ಯಾನೊಂದೇ ಗತಿ. ಇಂಥ ವೇಳೆ "ಗ್ಯಾಸು ಮುಗಿದಿದೆ, ತುಂಬಿಸಿರಿ" ಎಂಬ ಮಾತಿಗೆ ಒಡನೆ ಹಣ ಕೊಡಬೇಡಿರಿ. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಜಿಡ್ಡು, ಅದರ ಮೇಲೆ ಧೂಳು ಕೂತಿದ್ದರೆ ಅಲ್ಲಿ ಸೋರಿಕೆಯ ಶಂಕೆ. ಮೊದಲು ಅದನ್ನು ಮುಚ್ಚಿಸಿ ಆಮೇಲೆ ತುಂಬಿಸಬೇಕು.

ಶುಚಿಮಾಡುವ ಕೆಲಸ ಮನೆಯಲ್ಲೇ ಆಗುತ್ತದೆ. ಇಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು, ಪೂರ್ತಿ ಆರಲು ಬಿಡಿರಿ. ಕೆಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಫ್ಯಾನು ತಾನಾಗಿ ತಿರುಗುವುದುಂಟು; ಬೆರಳು ಜೋಕೆ. ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಹೊಟ್ಟು, ಹುಳುಗಳನ್ನು ಮೆತ್ತನೆಯ ಬ್ರಷ್ಷಿನಿಂದ ತಗಡಿನ ಸಾಲಿನ ಗುಂಟವೇ ಸವರಿ ತೆಗೆಯಿರಿ. ಬಳಿಕ ಸಾಮಾನ್ಯ ಪೈಪಿನ ನೀರನ್ನು ನಿಧಾನವಾಗಿ ಬಿಡಿರಿ. ಕೈ ತೂರುವುದಾದರೆ ಹಿಂದಿನಿಂದ ಮುಂದಕ್ಕೆ ಬಿಡುವುದು ಲೇಸು, ಹೊಟ್ಟು ಬಂದ ದಾರಿಯಲ್ಲೇ ಹೊರಬೀಳುತ್ತದೆ. ಸರ್ವೀಸ್ ಸ್ಟೇಷನ್ನಿನ ಬಿರುಸು ಧಾರೆ ಬೇಡ. ತಗಡುಗಳು ಮಡಿಚಿಕೊಂಡರೆ ಹೊಟ್ಟಿಗಿಂತ ಕೆಟ್ಟದಾಗಿ ಗಾಳಿ ಕಟ್ಟುತ್ತದೆ. ತಂತಿ ಬ್ರಷ್ಷು, ಆಸಿಡ್ಡು ಸರ್ವಥಾ ಕೂಡದು. ಬೇಲೂರು ಕಡೆಯ ತೋಟದವರಿಗೆ ಇನ್ನೊಂದು ಮಾತು. ಬೋರ್ಡೋ ದ್ರಾವಣ ಹೊಡೆದ ಸ್ಪ್ರೇಯರಿನಿಂದ ಇದನ್ನು ತೊಳೆಯಲೇಬಾರದು. ಅದರಲ್ಲುಳಿದ ಮೈಲುತುತ್ತ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಕೊಳವೆಯನ್ನು ಮಾತ್ರ ತಾವಾಗಿ ಬಿಚ್ಚಬೇಡಿರಿ. ಚಿಮ್ಮುವ ಗ್ಯಾಸು ಕಣ್ಣು, ಚರ್ಮಗಳನ್ನು ಹೆಪ್ಪುಗಟ್ಟಿಸಬಲ್ಲದು. ಅಲ್ಲದೆ ಒಂದು ಕಿಲೋ ಆರ್-೧೩೪ಎ ಬಯಲಿಗೆ ಹೋದರೆ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು ೧೪೩೦ ಕಿಲೋ ಇಂಗಾಲಾಮ್ಲದಷ್ಟು ಭೂಮಿಯನ್ನು ಕಾಯಿಸುತ್ತದೆ. ಮಳೆಯನ್ನೇ ನೆಚ್ಚಿದ ನಮಗೆ ಇದು ಸಂಬಂಧವಿಲ್ಲದ ಮಾತಲ್ಲ. ಗ್ಯಾಸನ್ನು ಹೀರಿ ತುಂಬಿಟ್ಟುಕೊಳ್ಳುವ ಯಂತ್ರವಿರುವ ಕಡೆಯೇ ಈ ಕೆಲಸ ಮಾಡಿಸಿರಿ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಒಳಗಿನ ಎಣ್ಣೆ ಹರಿದು ಕಂಪ್ರೆಸರಿನ ಸೀಲುಗಳು ಒಣಗುವುದಿಲ್ಲ.

ಕಾರಿಲ್ಲದವರಿಗೂ ಇದರಲ್ಲಿ ಪಾಲುಂಟು. ಹಾಲಿನ ಸಂಘದ ಬಲ್ಕ್ ಕೂಲರಿನಲ್ಲಿ ಇದೇ ಬಗೆಯ ಕಂಡೆನ್ಸರ್ ಇರುತ್ತದೆ. ಅದು ಕಟ್ಟಿದರೆ ಹಾಲು ೪ ಡಿಗ್ರಿಗೆ ಇಳಿಯುವುದು ತಡವಾಗಿ, ಊರಿನವರೆಲ್ಲರ ಹಾಲೂ ಒಡೆಯಬಹುದು. ಅದರ ಫ್ಯಾನಿನ ಎದುರು ಪಶು ಆಹಾರದ ಚೀಲಗಳನ್ನು ಒಟ್ಟಿದ್ದರೆ ಈ ಸಂಜೆಯೇ ಎತ್ತಿ ಬೇರೆಡೆ ಇಡಿಸಿರಿ.