ನಿಮಗಿದು ಗೊತ್ತೇ? ಮೂಗಿಗೂ ಸಿಗದ ದೂಳು

ಸಿಗ್ನಲ್‌ನಲ್ಲಿ ಮುಂದಿನ ಲಾರಿ ಕಪ್ಪು ಹೊಗೆ ಬಿಟ್ಟರೆ ಕರ್ಚೀಫು ಮೂಗಿಗೆ ಹೋಗುತ್ತದೆ. ಆದರೆ ನಗರದ ಗಾಳಿಯಲ್ಲಿ ಹೆಚ್ಚು ಕೇಡು ಮಾಡುವುದು ಕಣ್ಣಿಗೆ ಕಾಣುವ ಹೊಗೆಯಲ್ಲ, ಕಾಣದ ಕಣ.

● ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 70 ಪಾಲು. ‘ಪಿಎಂ 2.5’ ಎನ್ನುವುದು 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ ಇಟ್ಟ ಹೆಸರು. ಕೂದಲಿನ ಅಗಲ ತುಂಬಲು ಇಂಥ ಕಣಗಳು ಮೂವತ್ತರ ಹತ್ತಿರ ಬೇಕು.

● ದಪ್ಪ ದೂಳನ್ನು ಮೂಗಿನ ಕೂದಲು ಮತ್ತು ಸಿಂಬಳ ಹಿಡಿದುಹಾಕುತ್ತವೆ; ಸೀನಿದರೆ, ಕೆಮ್ಮಿದರೆ ಅದು ಆಚೆ. ಪಿಎಂ 2.5 ಈ ಕಾವಲು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತದೆ. 0.1 ಮೈಕ್ರಾನಿಗಿಂತ ಸಣ್ಣ ಕಣಗಳು ಅಲ್ಲಿಂದ ರಕ್ತಕ್ಕೂ ಸೇರಬಲ್ಲವು.

● ಇದು ಬರೀ ಕೆಮ್ಮು, ದಮ್ಮಿನ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೊರಗಿನ ವಾಯುಮಾಲಿನ್ಯದಿಂದ ಅಕಾಲದಲ್ಲಿ ಸತ್ತವರು 42 ಲಕ್ಷ ಮಂದಿ. ಅವರಲ್ಲಿ ಶೇ 68ರಷ್ಟು ಸಾವುಗಳಿಗೆ ಕಾರಣ ಹೃದ್ರೋಗ ಮತ್ತು ಪಾರ್ಶ್ವವಾಯು. ಕಣಗಳು ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸುತ್ತವೆ, ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತವೆ. ಶ್ವಾಸಕೋಶದ ಕ್ಯಾನ್ಸರಿನ ಪಾಲು ಶೇ 4.

● ಹಾಗೆಂದು ಕ್ಯಾನ್ಸರನ್ನು ಮರೆಯುವಂತಿಲ್ಲ. ಗಾಳಿಯ ಕಣಮಾಲಿನ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು, ಆಸ್ಬೆಸ್ಟಾಸ್ ಇರುವುದೂ ಇದೇ ಗುಂಪಿನಲ್ಲಿ. ಮೂರರ ಅಪಾಯವೂ ಒಂದೇ ಮಟ್ಟದ್ದು ಎಂದು ಇದರ ಅರ್ಥವಲ್ಲ. ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಮೂರಕ್ಕೂ ಗಟ್ಟಿ ಪುರಾವೆ ಇದೆ ಎಂದಷ್ಟೇ.

● ಹುಟ್ಟುವ ಮುಂಚೆಯೇ ಮಗುವಿಗೆ ಹೊಗೆಯ ಪರಿಚಯವಾಗುತ್ತದೆ. ಗರ್ಭಿಣಿ ಉಸಿರಾಡಿದ ಮಸಿಯ ಕಣಗಳು ಮಾಸಿನಲ್ಲಿ, ಅದೂ ಮಗುವಿನ ಕಡೆಯ ಭಾಗದಲ್ಲಿ ಸಿಕ್ಕಿದ್ದನ್ನು ಬೆಲ್ಜಿಯಂ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು.

● ಸಾವಿನ ದಾಖಲೆಯಲ್ಲಿ ‘ವಾಯುಮಾಲಿನ್ಯ’ ಎಂದು ಬರೆಸಿಕೊಂಡ ಮಗುವೂ ಇದೆ. ಲಂಡನ್ನಿನ ವಾಹನದಟ್ಟಣೆಯ ರಸ್ತೆಯೊಂದರ ಬಳಿ ವಾಸವಿದ್ದ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಹುಡುಗಿ 2013ರಲ್ಲಿ ಆಸ್ತಮಾದಿಂದ ತೀರಿಕೊಂಡಾಗ ಅವಳಿಗೆ 9 ವರ್ಷ. ತಾಯಿಯ ದೀರ್ಘ ಹೋರಾಟದ ನಂತರ 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಅವಳ ಸಾವಿನಲ್ಲಿ ಕೆಟ್ಟ ಗಾಳಿಯ ಪಾಲಿದೆ ಎಂದು ತೀರ್ಪಿತ್ತರು.

● ಅದೇ ಲಂಡನ್ನಿನಲ್ಲಿ 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲ ಹೊಗೆ ಮಂಜಿನೊಡನೆ ಸೇರಿ ಊರನ್ನೇ ಮುಚ್ಚಿತ್ತು. ನಾಟಕಶಾಲೆಯ ಒಳಗೂ ಹೊಗೆ ತುಂಬಿ ಪ್ರದರ್ಶನ ನಿಲ್ಲಿಸಬೇಕಾಯಿತು. ಮೊದಲ ಲೆಕ್ಕದಲ್ಲಿ ಸತ್ತವರು 4,000. ಆಮೇಲಿನ ಅಧ್ಯಯನಗಳು ಅದನ್ನು 12,000ದವರೆಗೂ ಏರಿಸಿವೆ. ಬ್ರಿಟನ್ನಿನ ಶುದ್ಧ ಗಾಳಿ ಕಾಯ್ದೆ ಬಂದದ್ದು 1956ರಲ್ಲಿ.

● ನಮ್ಮ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯೂಐ, ಸರಾಸರಿ ಅಂಕವಲ್ಲ. ಅಳೆದ ಮಾಲಿನ್ಯಕಾರಕಗಳಲ್ಲಿ ಯಾವುದು ಅತಿ ಕೆಟ್ಟದಾಗಿದೆಯೋ ಅದರ ಅಂಕವೇ ಎಕ್ಯೂಐ. ಇನ್ನೊಂದು ಗುಟ್ಟು: 100ರವರೆಗೆ ಅದು ‘ತೃಪ್ತಿಕರ’. ಪಿಎಂ 2.5 ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಇದ್ದರೂ ಅಂಕ 100 ದಾಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದು 15 ಮಾತ್ರ!

● 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ.

● ಚಳಿಗಾಲದಲ್ಲಿ ನಸುಕಿನ ವಾಕಿಂಗ್ ಯಾವಾಗಲೂ ಶುದ್ಧ ಗಾಳಿಯ ವಾಕಿಂಗ್ ಆಗಿರುವುದಿಲ್ಲ. ರಾತ್ರಿ ನೆಲ ತಣಿದು, ಮೇಲೆ ಬೆಚ್ಚನೆಯ ಗಾಳಿ ಕೂತುಬಿಟ್ಟರೆ ಹೊಗೆ ಮೇಲೇರಲಾರದೆ ಕೆಳಗೇ ಉಳಿಯುತ್ತದೆ. ಬಿಸಿಲೇರಿದ ಮೇಲೆಯೇ ಅದು ಚದುರುವುದು.

● ಎಲ್ಲ ಕಣಗಳೂ ಚಿಮಣಿಯಿಂದಲೋ ಸೈಲೆನ್ಸರಿನಿಂದಲೋ ಬರುವುದಿಲ್ಲ. ಕೆಲವು ಗಾಳಿಯಲ್ಲೇ ಹುಟ್ಟುತ್ತವೆ. ಗೊಬ್ಬರ, ಸಗಣಿಯಿಂದೇಳುವ ಅಮೋನಿಯ ಅನಿಲವು ವಾಹನ, ವಿದ್ಯುತ್ ಸ್ಥಾವರಗಳ ಅನಿಲಗಳೊಡನೆ ಬೆರೆತು ನೈಟ್ರೇಟ್, ಸಲ್ಫೇಟ್ ಕಣಗಳಾಗುತ್ತದೆ.

● ಎಲೆಕ್ಟ್ರಿಕ್ ಕಾರಿಗೆ ಹೊಗೆಕೊಳವೆ ಇಲ್ಲ, ನಿಜ. ಟೈರು, ಬ್ರೇಕು ಸವೆಯುವುದು, ರಸ್ತೆಯ ದೂಳೇಳುವುದು ಇದ್ದೇ ಇದೆ. ಐರೋಪ್ಯ ಒಕ್ಕೂಟದ ಯೂರೋ 7 ನಿಯಮ ಇದೇ ಕಾರಣಕ್ಕೆ ಬ್ರೇಕಿನಿಂದ ಉದುರುವ ಕಣಗಳಿಗೂ ಮಿತಿ ಹಾಕಿದೆ.

● ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವ ಅಭ್ಯಾಸವಿದೆಯೇ? ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಹೊರಬರುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅಗರಬತ್ತಿ, ಘಾಟೇಳುವ ಒಗ್ಗರಣೆ ಕೂಡ ಕಣಗಳನ್ನು ಎಬ್ಬಿಸುತ್ತವೆ. ಸೊಳ್ಳೆಗೆ ಪರದೆ, ಒಗ್ಗರಣೆಗೆ ತೆರೆದ ಕಿಟಕಿ ಒಳ್ಳೆಯದು.

● ಎನ್95 ಮಾಸ್ಕಿಗೆ ಹಿಡಿಯಲು ತೀರಾ ಕಷ್ಟವಾಗುವುದು ಅತಿ ಸಣ್ಣ ಕಣವಲ್ಲ, ನಡುವಿನ ಗಾತ್ರದ ಕಣ. ಅದಕ್ಕಿಂತ ಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ತೂರಾಡಿ ಮಾಸ್ಕಿನ ನಾರಿಗೆ ಅಂಟಿಕೊಳ್ಳುತ್ತವೆ. ಆದರೆ ಕೆನ್ನೆಯ ಪಕ್ಕ ಸಂದಿ ಉಳಿದರೆ ಯಾವ ಮಾಸ್ಕಿನಿಂದಲೂ ಪೂರ್ತಿ ಪ್ರಯೋಜನ ಸಿಗದು.

● ಬೆಲ್ಲ ತಿಂದರೆ ಶ್ವಾಸಕೋಶದ ದೂಳು ತೊಳೆದುಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ದೂಳು ಹೋಗುವುದು ಶ್ವಾಸನಾಳಕ್ಕೆ.

● ಗಾಳಿ ತಿಳಿಯಾದರೆ ದೇಹಕ್ಕೆ ಬೇಗ ಗೊತ್ತಾಗುತ್ತದೆ. ಅಮೆರಿಕದ ಯೂಟಾ ಕಣಿವೆಯ ಉಕ್ಕಿನ ಕಾರ್ಖಾನೆ 1986–87ರಲ್ಲಿ ಕಾರ್ಮಿಕ ವಿವಾದದಿಂದ ಬಾಗಿಲು ಹಾಕಿತ್ತು. ಅದು ನಡೆಯುತ್ತಿದ್ದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುತ್ತಿದ್ದ ಮಕ್ಕಳ ಸಂಖ್ಯೆ, ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿತ್ತು.

● 2008ರ ಒಲಿಂಪಿಕ್ಸ್‌ಗಾಗಿ ಬೀಜಿಂಗ್ ಕಾರ್ಖಾನೆಗಳಿಗೂ ಕಾರುಗಳಿಗೂ ಲಗಾಮು ಹಾಕಿತು. ಆ ದಿನಗಳಲ್ಲಿ ಎಂಟನೇ ತಿಂಗಳಿನಲ್ಲಿದ್ದ ತಾಯಂದಿರ ಮಕ್ಕಳು, ಹಿಂದಿನ ಮತ್ತು ಮುಂದಿನ ವರ್ಷ ಅದೇ ಹೊತ್ತಿಗೆ ಹುಟ್ಟಿದ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು.

● ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 1990ರ ದಶಕದಿಂದ ಬೇರೆ ಬೇರೆ ವರ್ಷಗಳ ಮೂರು ತಂಡಗಳ ಶಾಲಾ ಮಕ್ಕಳ ಉಸಿರಿನ ಬಲ ಅಳೆದರು. ಗಾಳಿ ಸುಧಾರಿಸುತ್ತ ಬಂದಂತೆ, 15ನೇ ವಯಸ್ಸಿಗೆ ಶ್ವಾಸಕೋಶ ದುರ್ಬಲವಾಗಿದ್ದವರ ಪ್ರಮಾಣ ಶೇ 7.9ರಿಂದ ಶೇ 3.6ಕ್ಕೆ ಇಳಿಯಿತು. ಆ ಮಕ್ಕಳಿಗೆ ಯಾರೂ ಟಾನಿಕ್ ಕೊಟ್ಟಿರಲಿಲ್ಲ. ಊರಿನ ಹೊಗೆಗೆ ಕಾನೂನು ಕಡಿವಾಣ ಹಾಕಿತ್ತು.