ಎಂಜಿನ್ ಕಟ್ಟುವ ಮುನ್ನ: ಬೇರಿಂಗ್ ಸಂದಿನ ಅಳತೆ

ಸತ್ಯಮಂಗಲದ ಕಡೆಯಿಂದ ಚಾಮರಾಜನಗರಕ್ಕೆ ಬರುವ ಗಾಡಿ ಬಣ್ಣಾರಿ ದಾಟಿದ ಮೇಲೆ ದಿಂಬಂ ಘಾಟಿಯ 27 ತಿರುವುಗಳನ್ನು ಏರಬೇಕು. ಗುಂಡ್ಲುಪೇಟೆಯಿಂದ ಬಂಡೀಪುರ, ಮಸಿನಗುಡಿಯ ಮೇಲೆ ಊಟಿಗೆ ಹೊರಟವರಿಗೆ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ತರಕಾರಿ ತುಂಬಿದ ಲಾರಿಗೆ ಇಲ್ಲಿ ಭಾರವೇ ಸವಾಲು, ವೇಗಕ್ಕೆಂದೇ ಸಜ್ಜುಗೊಳಿಸಿದ ಕಾರಿಗೆ ಸುತ್ತುಗಳೇ ಸವಾಲು. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಿಂದ 6,000 ಸುತ್ತಿಗೆ ಏರಿದರೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳ ಓಟದಿಂದ ಹುಟ್ಟುವ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಅದನ್ನೆಲ್ಲ ಹೊರುವುದು ಕ್ರ್ಯಾಂಕ್‌ಶಾಫ್ಟಿಗೂ ಬೇರಿಂಗ್‌ಗೂ ನಡುವೆ ಇರುವ ಎಣ್ಣೆಯ ಪೊರೆ. ಆ ಪೊರೆಗೆ ಬಿಟ್ಟ ಜಾಗವೇ ಬೇರಿಂಗ್ ಕ್ಲಿಯರೆನ್ಸ್. ಸಾಮಾನ್ಯ ಕಾರುಗಳಲ್ಲಿ ಇದು ಸುಮಾರು 0.02ರಿಂದ 0.06 ಮಿ.ಮೀ.; ತಲೆಕೂದಲಿನ ದಪ್ಪಕ್ಕಿಂತ ಕಡಿಮೆ.

ಎಣ್ಣೆ ಭಾರ ಹೊರುವ ಬಗೆ

1883ರಲ್ಲಿ ಇಂಗ್ಲೆಂಡಿನ ಬೋಶಾಂ ಟವರ್ ರೈಲ್ವೆ ಗಾಲಿಗಳ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಬೇರಿಂಗ್‌ನ ನೆತ್ತಿಗೆ ಕೊರೆದ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬೆಣೆ ಬಡಿದು ಮುಚ್ಚಿದರೆ ಬೆಣೆಯೇ ಹೊರಬಂತು. ತಿರುಗುವ ಶಾಫ್ಟ್ ಎಣ್ಣೆಯನ್ನು ಕಿರಿದಾದ ಸಂದಿಗೆ ತಾನೇ ಎಳೆದುಕೊಂಡು ಭಾರಿ ಒತ್ತಡ ಹುಟ್ಟಿಸುತ್ತದೆ ಎಂಬುದು ಹೀಗೆ ಬಯಲಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಸೂತ್ರ ಕೊಟ್ಟರು. ಎಣ್ಣೆ ಪಂಪಿನ ಕೆಲಸ ಸಂದಿಗೆ ಎಣ್ಣೆ ಮುಟ್ಟಿಸುವುದು. ಭಾರ ಹೊರುವ ಒತ್ತಡ ಸಂದಿನೊಳಗೇ ಹುಟ್ಟುತ್ತದೆ.

ಸಂದು ತೀರ ಬಿಗಿಯಾದರೆ ಎಣ್ಣೆ ಸಾಲದೆ ಬೇರಿಂಗ್ ಕಾದು ಶಾಫ್ಟಿಗೆ ಕಚ್ಚಿಕೊಳ್ಳುತ್ತದೆ. ಸಡಿಲವಾದರೆ ಎಣ್ಣೆ ಅಂಚಿನಿಂದ ಸೋರಿಹೋಗುತ್ತದೆ. ಸೋರಿಕೆ ಸಂದಿನ ಘನಕ್ಕೆ ತಕ್ಕಂತೆ ಏರುವುದರಿಂದ, ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಆಗ ಆಯಿಲ್ ಪ್ರೆಷರ್ ಬೀಳುತ್ತದೆ, ಎಂಜಿನ್ ಬಡಿಯತೊಡಗುತ್ತದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧಿಸಿರುವ ಬಂಡೀಪುರದ ಕಾಡಿನಲ್ಲಿ, ಸಂಜೆ ಹೊತ್ತು ಎಂಜಿನ್ ಹಿಡಿದುಕೊಂಡರೆ ಪಾಡೇನೆಂದು ಹೇಳಬೇಕಾಗಿಲ್ಲ.

ಮೈಕ್ರೋಮೀಟರ್ ಮತ್ತು ಬೋರ್ ಗೇಜ್

ಬೇರಿಂಗ್ ಕ್ಯಾಪ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ, ‘ಸಲೀಸಾಗಿ ಹೋಗ್ತಿದೆ, ಸರಿಯಾಗಿದೆ’ ಎಂದು ತೀರ್ಮಾನಿಸುವ ರೂಢಿ ಇದೆ. ಬಿಗಿಯಾದದ್ದನ್ನು ಕೈ ಹೇಳುತ್ತದೆ, ನಿಜ. ಆದರೆ 0.04ಕ್ಕೂ 0.09ಕ್ಕೂ ಇರುವ ವ್ಯತ್ಯಾಸವನ್ನು ಎಷ್ಟು ಪಳಗಿದ ಕೈಯೂ ಹೇಳಲಾರದು. 0.02 ಮಿ.ಮೀ. ಮಾತ್ರ ತೋರಿಸುವ ವರ್ನಿಯರ್ ಕೂಡ ಈ ಕೆಲಸಕ್ಕೆ ಬಾರದು. ಬೇಕಾದದ್ದು 0.001 ಮಿ.ಮೀ. ಓದಬಲ್ಲ ಮೈಕ್ರೋಮೀಟರ್ ಮತ್ತು ಡಯಲ್ ಬೋರ್ ಗೇಜ್.

ಮೊದಲು ಕ್ರ್ಯಾಂಕಿನಲ್ಲಿ ಬೇರಿಂಗ್‌ನೊಳಗೆ ತಿರುಗುವ ಭಾಗವಾದ ಪ್ರತಿ ಜರ್ನಲ್‌ನ ವ್ಯಾಸವನ್ನು ಎರಡು ತುದಿಗಳಲ್ಲೂ ನಡುವಿನಲ್ಲೂ, ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಸವೆದು ಮೊಟ್ಟೆಯಾಕಾರ ತಾಳಿದ್ದರೂ, ಒಂದು ಕಡೆ ಸಣ್ಣದಾಗಿದ್ದರೂ ಆಗ ಗೊತ್ತಾಗುತ್ತದೆ. ಆಮೇಲೆ ಬೇರಿಂಗ್‌ನ ಎರಡು ಅರ್ಧಗಳಾದ ಹೊಸ ಶೆಲ್‌ಗಳನ್ನು ಕೂರಿಸಿ, ತಯಾರಕರು ಹೇಳಿದ ಟಾರ್ಕ್‌ಗೆ ಕ್ಯಾಪ್ ಬಿಗಿಯಬೇಕು. ಬಿಗಿಯದೆ ಅಳೆಯುವುದು ವ್ಯರ್ಥ. ಶೆಲ್‌ಗಳ ಅಂಚು ಕೊಂಚ ಎದ್ದಿರುತ್ತದೆ. ಬೋಲ್ಟ್ ಬಿಗಿದಾಗಲೇ ಅವು ಒತ್ತಿ ಕೂತು ನಿಜವಾದ ಆಕಾರಕ್ಕೆ ಬರುತ್ತವೆ.

ಜರ್ನಲ್ ಅಳೆದ ಮೈಕ್ರೋಮೀಟರನ್ನು ಅದೇ ಅಳತೆಗೆ ಲಾಕ್ ಮಾಡಿ, ಬೋರ್ ಗೇಜನ್ನು ಅದರ ನಡುವೆ ಹಿಡಿದು ಸೊನ್ನೆಗೆ ತರಬೇಕು. ಈಗ ಗೇಜನ್ನು ಬೇರಿಂಗ್‌ನೊಳಗೆ ಇಟ್ಟರೆ ಮುಳ್ಳು ತೋರಿಸುವುದೇ ಕ್ಲಿಯರೆನ್ಸ್. ಶೆಲ್‌ಗಳು ಕೂಡುವ ಗೆರೆಯ ಬಳಿ ಬೇಕೆಂದೇ ತೆಳುವಾಗಿರುವುದರಿಂದ, ಅಳತೆಯನ್ನು ಆ ಗೆರೆಗೆ ಅಡ್ಡವಾಗಿ ತೆಗೆದುಕೊಳ್ಳಬೇಕು. ಉದಾಹರಣೆಗೆ ಜರ್ನಲ್ 49.745, ಬೇರಿಂಗ್ ಒಳವ್ಯಾಸ 49.800 ಎಂದಿದ್ದರೆ ಸಂದು 0.055 ಮಿ.ಮೀ.

ಪ್ಲಾಸ್ಟಿಗೇಜ್

ಬೋರ್ ಗೇಜ್ ಇಲ್ಲದ ಗ್ಯಾರೇಜಿಗೆ ಪ್ಲಾಸ್ಟಿಗೇಜ್ ಒಳ್ಳೆಯ ಆಸರೆ. ಇದೊಂದು ಮೆದುವಾದ ಪ್ಲಾಸ್ಟಿಕ್ ಎಳೆ. ಹಸಿರು ಬಣ್ಣದ್ದು 0.025ರಿಂದ 0.076 ಮಿ.ಮೀ. ಸಂದಿಗೆ. ಎಣ್ಣೆ ಒರೆಸಿದ ಜರ್ನಲ್ ಮೇಲೆ ಉದ್ದಕ್ಕೆ ಒಂದು ತುಂಡು ಇಟ್ಟು, ಟಾರ್ಕ್‌ಗೆ ಕ್ಯಾಪ್ ಬಿಗಿದು, ಮತ್ತೆ ಬಿಚ್ಚಬೇಕು. ನಡುವೆ ಕ್ರ್ಯಾಂಕ್ ಅಲುಗಾಡಬಾರದು. ಚಪ್ಪಟೆಯಾದ ಎಳೆಯ ಅಗಲವನ್ನು ಪೊಟ್ಟಣದ ಮೇಲಿನ ಪಟ್ಟಿಯೊಡನೆ ಹೋಲಿಸಬೇಕು. ಅಗಲ ಹೆಚ್ಚಿದ್ದಷ್ಟೂ ಸಂದು ಕಡಿಮೆ. ಒಂದು ತುದಿ ಅಗಲ, ಇನ್ನೊಂದು ತುದಿ ಸಪೂರ ಇದ್ದರೆ ಜರ್ನಲ್ ಓರೆಯಾಗಿ ಸವೆದಿದೆ ಎಂದರ್ಥ.

ಬಿಸಿಲಿನ ಲೆಕ್ಕ

ಅಳತೆಗೆ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಬೇಸಿಗೆಯ ಗುಂಡ್ಲುಪೇಟೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಅದನ್ನು ನಿರೀಕ್ಷಿಸುವಂತಿಲ್ಲ. 50 ಮಿ.ಮೀ. ಉಕ್ಕು 10 ಡಿಗ್ರಿ ಕಾದರೆ ಸುಮಾರು 0.006 ಮಿ.ಮೀ. ಹಿಗ್ಗುತ್ತದೆ, ನಾವು ಹುಡುಕುತ್ತಿರುವ ಸಂದಿನ ಹತ್ತನೇ ಒಂದು ಭಾಗಕ್ಕೂ ಮಿಕ್ಕಿದ ತಪ್ಪು. ಕ್ರ್ಯಾಂಕ್ ಬಿಸಿಲಿನಲ್ಲಿ, ಬ್ಲಾಕ್ ನೆರಳಿನಲ್ಲಿ ಇರಬಾರದು. ಎರಡನ್ನೂ ಉಪಕರಣಗಳನ್ನೂ ರಾತ್ರಿಯಿಡೀ ಒಂದೇ ಕಡೆ ಇಟ್ಟು ಬೆಳಗಿನ ತಂಪಿನಲ್ಲಿ ಅಳೆಯುವುದು ಮೇಲು.

ಅಂಕಿ ಬಂದ ಮೇಲೆ

ಜರ್ನಲ್ ವ್ಯಾಸದ ಸಾವಿರದಲ್ಲೊಂದು ಭಾಗ ಸಂದು ಇರಲಿ ಎಂಬುದು ಹಳೆಯ ಲೆಕ್ಕ: 50 ಮಿ.ಮೀ.ಗೆ 0.05. ಹೆಚ್ಚು ಸುತ್ತು ಓಡುವ ಎಂಜಿನ್‌ಗೆ ಇದರ ಮೇಲೆ ಸುಮಾರು 0.012 ಮಿ.ಮೀ. ಸೇರಿಸುವುದುಂಟು, ಆಗ ಎಣ್ಣೆಯ ದಪ್ಪವನ್ನೂ ಪಂಪನ್ನೂ ಅದಕ್ಕೆ ಹೊಂದಿಸಬೇಕು. ಆದರೂ ಕೊನೆಯ ಮಾತು ಆ ಎಂಜಿನ್‌ನ ಸರ್ವೀಸ್ ಕೈಪಿಡಿಯದು. ಸಂದು ಮಿತಿ ಮೀರಿದ್ದರೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿ 0.25 ಅಥವಾ 0.50 ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಗ್ರೈಂಡ್ ಆಗಿ ಬಂದ ಮೇಲೆ ಮತ್ತೊಮ್ಮೆ ಅಳೆಯಬೇಕು. ಬೇರಿಂಗ್ ಡಬ್ಬಿಯ ಮೇಲಿನ ಅಂಕಿ ಅಳತೆಗೆ ಬದಲಿಯಲ್ಲ.

ಎಂಜಿನ್ ಕಟ್ಟುವವರು ಪ್ರತಿ ಜರ್ನಲ್‌ನ ಅಳತೆಯನ್ನು ಹಾಳೆಯಲ್ಲಿ ಬರೆದಿಡಿ. ಕಟ್ಟಿಸುವವರು ಬಿಲ್ಲಿನ ಜೊತೆಗೆ ಆ ಹಾಳೆಯನ್ನೂ ಕೇಳಿ ಪಡೆಯಿರಿ. ಘಾಟಿ ಹತ್ತುವ ಎಂಜಿನ್‌ನ ಬಾಳಿಕೆ ನಿಂತಿರುವುದು ಆ ಅಂಕಿಗಳ ಮೇಲೆ.