ಮೈಸೂರು ಮಹಾರಾಜರಿಗೆ ಅರ್ಪಿಸಿದ ಕಾನ್ಸರ್ಟೊ

ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಹೆಸರು ಹೇಳಿದರೆ ನಮ್ಮ ಹರಿಹರದಲ್ಲಿ ‘ಯಾರ್ರೀ ಅವ್ರು?’ ಅಂತಾರೆ. ಆದರೆ ಅವರ ಮೂರನೇ ಪಿಯಾನೊ ಕಾನ್ಸರ್ಟೊ (ಪಿಯಾನೊ, ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಅರ್ಪಣೆಯಾಗಿರುವುದು ನಮ್ಮ ಜಯಚಾಮರಾಜ ಒಡೆಯರಿಗೆ. ಲಂಡನ್ನಿನಲ್ಲಿ ಯಾರೂ ವಿಚಾರಿಸದೆ ಮುಪ್ಪಾಗುತ್ತಿದ್ದ ಈ ಸಂಗೀತಗಾರರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಮಹಾರಾಜರು. ಎಚ್‌ಎಂವಿ ಕಂಪನಿ ಅವನ್ನು ಗ್ರಾಮಫೋನ್ ತಟ್ಟೆಗಳ ಮೂರು ಸಂಪುಟಗಳಲ್ಲಿ ಹೊರತಂದಿತು. ಆಗ ಮೈಸೂರು ಸೀಮೆಯ ಕಡೇ ಊರು ಹರಿಹರ. ಹೊಳೆ ದಾಟಿದರೆ ಬಾಂಬೆ ಪ್ರಾಂತ್ಯ. ನಮ್ಮ ಹಿರಿಯರು ಕಟ್ಟಿದ ಕಂದಾಯದ ಕಾಸೂ ಆ ತಟ್ಟೆಗಳಲ್ಲಿ ಇದ್ದೀತು ಅನ್ನೋದು ನನ್ನ ಹೆಮ್ಮೆ.

ನಾನು ಲೇತ್ ಕಾರ್ಖಾನೆಯಲ್ಲಿ ದುಡಿದವನು, ಧಾರವಾಡ ಆಕಾಶವಾಣಿ ಕೇಳಿ ಬೆಳೆದವನು. ನಮ್ಮ ಸಂಗೀತದಲ್ಲಿ ತಂಬೂರಿ ಹಿಡಿದ ಷಡ್ಜ ಕಡೆತನಕ ಅಲ್ಲಾಡುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಷಡ್ಜವೇ ಊರೂರು ಸುತ್ತುತ್ತದೆ. ಅದು ಹೊರಟ ಜಾಗಕ್ಕೆ ಯಾವಾಗ ಮರಳುತ್ತದೆ ಎಂದು ಕಾಯುವುದೇ ಕೇಳುವ ಸುಖ. ಇಷ್ಟು ತಿಳಿದಿದ್ದರೆ ಸಾಕು, ಆರ್ಕೆಸ್ಟ್ರಾ ಗದ್ದಲ ಅನ್ನಿಸುವುದಿಲ್ಲ.

ಕಾನ್ಸರ್ಟೊ ರೆಕಾರ್ಡ್ ಆದದ್ದು 1947ರಲ್ಲಿ. ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾ ನಡೆಸಿದವರು ಇಸ್ಸೈ ಡೊಬ್ರೊವೆನ್. ಪಿಯಾನೊ ಮುಂದೆ 67 ವರ್ಷದ ಮೆಟ್ನರ್. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಹಿಡಿಯುವ 78 ಆರ್‌ಪಿಎಂ ತಟ್ಟೆಗಳ ಕಾಲ. ತಪ್ಪಿದ ಸ್ವರವನ್ನು ಕತ್ತರಿಸಿ ಜೋಡಿಸುವಂತಿರಲಿಲ್ಲ, ಆ ಮಗ್ಗುಲನ್ನೇ ಮತ್ತೆ ನುಡಿಸಬೇಕು. ಆ ಒತ್ತಡದಲ್ಲೂ ಅವರ ಕೈಗೆ ಗಡಿಬಿಡಿಯಿಲ್ಲ. ಪಿಯಾನೊ ಆರ್ಕೆಸ್ಟ್ರಾದ ಮೇಲೆ ಗೆಲ್ಲಲು ನೋಡುವುದಿಲ್ಲ, ಅದರೊಳಗೆ ಸೇರಿ ಹರಿಯುತ್ತದೆ. ಆಮೇಲೆ ಇದೇ ಕೃತಿಯನ್ನು ಚುರುಕಾಗಿ, ಚೊಕ್ಕವಾಗಿ ನುಡಿಸಿದವರಿದ್ದಾರೆ. ನನಗೆ ಮಾತ್ರ ಬರೆದವರ ಕೈಯೇ ಬೇಕು.

ಅದಕ್ಕಿಂತ ಹೆಚ್ಚು ನಾನು ಹಚ್ಚಿಕೊಂಡಿರುವುದು ಪಿಯಾನೊ ಕ್ವಿಂಟೆಟ್. ಪಿಯಾನೊ, ಎರಡು ವಯೊಲಿನ್, ವಿಯೊಲಾ, ಚೆಲ್ಲೊ: ಐದೇ ಜನ, ಯಾರೂ ಯಾರ ಹಿಂದೆಯೂ ಅಡಗುವಂತಿಲ್ಲ. ಇಪ್ಪತ್ತರ ಹರೆಯದಲ್ಲಿ ಶುರುಮಾಡಿದ್ದನ್ನು ಮೆಟ್ನರ್ ಮುಗಿಸಿದ್ದು ಎಪ್ಪತ್ತರ ಹೊಸ್ತಿಲಲ್ಲಿ. ಈಯೋಲಿಯನ್ ಕ್ವಾರ್ಟೆಟ್ ಜೊತೆ ತಾವೇ ನುಡಿಸಿ ರೆಕಾರ್ಡ್ ಮಾಡಿದರು. ಇದನ್ನು ಕೇಳುವಾಗ ಮೊದಲ ಸಲ ಚೆಲ್ಲೊ ಒಂದನ್ನೇ ಹಿಂಬಾಲಿಸಿ, ಮುಂದಿನ ಸಲ ವಿಯೊಲಾ. ದಾವಣಗೆರೆಯ ಗೆಳೆಯರೊಬ್ಬರಿಗೆ ಹೀಗೇ ಹೇಳಿಕೊಟ್ಟೆ. ಈಗ ಅವರೇ ಫೋನ್ ಮಾಡಿ ‘ಆ ವಿಯೊಲಾ ಜಾಗ ಕೇಳಿದ್ರಾ?’ ಅಂತಾರೆ.

ಮೆಟ್ನರ್ ತೀರಿಕೊಂಡದ್ದು 1951ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲೇ ಈ ಸಂಗೀತವೆಲ್ಲ ತಟ್ಟೆಗೆ ಇಳಿದಾಗಿತ್ತು.